ಫ್ರಿಜ್ ಬಾಟಲಿಯ ಹೊರಗೆ ನೀರು ಎಲ್ಲಿಂದ ಬಂತು? ಮಕ್ಕಳಿಗೆ ಹೇಗೆ ಹೇಳುವುದು?

ಡೊಂಬಿವಲಿ ಅಮ್ಮ · ಮೇ, ಮೊದಲ ಭಾನುವಾರ, ರಾತ್ರಿ

ಎಲ್ಲರಿಗೂ ನಮಸ್ಕಾರ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ನಮ್ಮ ಕಟ್ಟಡದಲ್ಲಿ ಭಾನುವಾರ ಬೆಳಗ್ಗೆ ಹನ್ನೊಂದು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಎಲ್ಲರೂ ಆರರಿಂದ ಹತ್ತು ವರ್ಷದವರು. ಮನೆಯಲ್ಲಿ ಕನ್ನಡ ಇಲ್ಲವೇ ತುಳು, ಶಾಲೆಯಲ್ಲಿ ಇಂಗ್ಲಿಷ್, ಆಟಕ್ಕೆ ಹಿಂದಿ, ಮರಾಠಿ. ಬರೀ ಅಕ್ಷರ ತಿದ್ದಿಸಿದರೆ ಅವರಿಗೆ ಬೇಗ ಬೇಜಾರಾಗುತ್ತದೆ. ಅದಕ್ಕೆ ವಾರಕ್ಕೊಂದು ವಿಷಯ ಹಿಡಿದು ಕನ್ನಡದಲ್ಲೇ ಮಾತಾಡುತ್ತೇವೆ.

ಇವತ್ತು ಫ್ರಿಜ್‌ನಿಂದ ಸ್ಟೀಲ್ ಬಾಟಲಿ ತಂದು ಮೇಜಿನ ಮೇಲಿಟ್ಟೆ. ಐದು ನಿಮಿಷದಲ್ಲಿ ಅದರ ಮೈಯೆಲ್ಲ ನೀರು. ಎತ್ತಿದರೆ ಕೆಳಗೆ ನೀರಿನ ಉಂಗುರ. ಏಳು ವರ್ಷದ ಹುಡುಗಿಯೊಬ್ಬಳು "ಬಾಟಲಿ ತೂತಾಗಿದೆಯಾ?" ಎಂದು ಕೇಳಿದಳು. "ಇಲ್ಲ ಪುಟ್ಟಾ, ಗಾಳಿಯಲ್ಲಿರುವ ನೀರಿನ ಆವಿ ತಣ್ಣಗಾಗಿ ನೀರಾಗಿದೆ" ಎಂದೆ. ಅವಳು ಸುತ್ತಮುತ್ತ ನೋಡಿದಳು. "ಗಾಳಿಯಲ್ಲಿ ನೀರು ಎಲ್ಲಿದೆ? ನನಗೆ ಕಾಣ್ತಾ ಇಲ್ಲ" ಎಂದಳು.

ಏನು ಹೇಳಬೇಕೋ ತಿಳಿಯಲಿಲ್ಲ. ಪುಸ್ತಕದಲ್ಲಿರುವ ಚಿತ್ರ ಬರೆದು ತೋರಿಸಿದೆ. ಸೂರ್ಯ, ಸಮುದ್ರ, ಮೋಡ, ಮಳೆ, ಸುತ್ತ ಬಾಣ. ಎಲ್ಲರೂ ಅದನ್ನು ನೋಡಿ ಬರೆದುಕೊಂಡರು. ಯಾರೂ ಮತ್ತೆ ಏನೂ ಕೇಳಲಿಲ್ಲ. ಅದೇ ನನಗೆ ಜಾಸ್ತಿ ಬೇಸರ ತಂದಿತು. ಬಾಟಲಿ ನೋಡಿದಾಗ ಅಷ್ಟು ಪ್ರಶ್ನೆ ಇತ್ತು, ಚಿತ್ರ ಬಂದ ಮೇಲೆ ಒಂದೂ ಇಲ್ಲ.

ಕಣ್ಣಿಗೆ ಕಾಣದ ನೀರು ಗಾಳಿಯಲ್ಲಿದೆ ಅಂತ ಮಗುವಿಗೆ ಹೇಗೆ ನಂಬಿಸುವುದು? ಮನೆಯಲ್ಲೇ ಮಾಡಬಹುದಾದದ್ದು ಏನಾದರೂ ಇದ್ದರೆ ಹೇಳಿ.

ಪುಣೆ ಮೇಷ್ಟ್ರು · ಸೋಮವಾರ ಬೆಳಗ್ಗೆ

ನಾನು ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ನಿಮ್ಮ ಹುಡುಗಿ ಕೇಳಿದ್ದು ತುಂಬ ಒಳ್ಳೆಯ ಪ್ರಶ್ನೆ. ನೀರು ಸುಮ್ನೆ ಹುಟ್ಟುವುದಿಲ್ಲ, ಎಲ್ಲಿಂದಲೋ ಬಂದಿರಲೇಬೇಕು ಅಂತ ಅವಳಿಗೆ ಗೊತ್ತಿದೆ. ಹಾಗಾಗಿ "ಇಲ್ಲ" ಎನ್ನುವ ಬದಲು "ಬಾ, ನೋಡೋಣ" ಎನ್ನಿ.

ಬಾಟಲಿಗೆ ಕೋಕಂ ಶರಬತ್ತು ತುಂಬಿಸಿ ಫ್ರಿಜ್‌ನಲ್ಲಿಡಿ. ಹೊರಗೆ ತೆಗೆದ ಮೇಲೆ ಮೂಡಿದ ಹನಿಗಳನ್ನು ಬಿಳಿ ಕರವಸ್ತ್ರದಿಂದ ಒರೆಸಿ. ತೂತಿದ್ದರೆ ಬಟ್ಟೆ ಕೆಂಪಾಗಬೇಕಿತ್ತು, ಅಲ್ವಾ? ಆಗುವುದಿಲ್ಲ.

ಇನ್ನೂ ಗಟ್ಟಿ ಸಾಕ್ಷಿ ಬೇಕೆಂದರೆ ತೂಗಿ. ಅಡುಗೆಮನೆಯ ತಕ್ಕಡಿ, ಗ್ರಾಂ ತೋರಿಸುವಂಥದ್ದು, ಸಾಕು. ತಣ್ಣನೆಯ ಬಾಟಲಿಯನ್ನು ಫ್ರಿಜ್‌ನಿಂದ ತೆಗೆದ ತಕ್ಷಣ ಒರೆಸಿ, ಮುಚ್ಚಳ ಬಿಗಿ ಮಾಡಿ, ತಕ್ಕಡಿಯ ಮೇಲಿಟ್ಟು ಅಂಕಿ ಬರೆದುಕೊಳ್ಳಿ. ಅಲ್ಲೇ ಬಿಡಿ. ಇಪ್ಪತ್ತು ನಿಮಿಷ ಬಿಟ್ಟು ಓದಿ. ಒಳಗಿನ ನೀರು ಹೊರಗೆ ಬಂದಿದ್ದರೆ ತೂಕ ಹೆಚ್ಚುವುದಕ್ಕೆ ಸಾಧ್ಯವೇ ಇಲ್ಲ. ಆದರೆ ಹೆಚ್ಚಿರುತ್ತದೆ. ಅಂದರೆ ಹೊರಗಿನಿಂದ ಏನೋ ಬಂದು ಕೂತಿದೆ. ಹೊರಗೆ ಇದ್ದದ್ದು ಗಾಳಿ ಮಾತ್ರ.

ಇನ್ನೊಂದು ಮಾತು. ಮೊದಲ ದಿನವೇ ನೀರು ಕಾಣಿಸಿಕೊಳ್ಳುವುದನ್ನು ಹೇಳಬೇಡಿ. ನೀರು ಕಾಣೆಯಾಗುವುದರಿಂದ ಶುರು ಮಾಡಿ. ಸ್ಟೀಲ್ ತಟ್ಟೆಯ ಮೇಲೆ ಒಂದು ಚಮಚ ನೀರು ಹಾಕಿ, ಅದರ ಅಂಚಿಗೆ ಪೆನ್ನಿನಿಂದ ಗೆರೆ ಎಳೆಯಿರಿ. ಅರ್ಧ ಗಂಟೆಗೊಮ್ಮೆ ಹೊಸ ಗೆರೆ. ಕುಗ್ಗುತ್ತಾ ಹೋಗುವುದು ಕಾಣುತ್ತದೆ.

ಇಲ್ಲಿ ಕನ್ನಡ ನಮಗೆ ಬಹಳ ಸಹಾಯ ಮಾಡುತ್ತದೆ. ನೀರು ಹೋಗುವುದಕ್ಕೆ ನಮ್ಮಲ್ಲಿ ಎಷ್ಟೊಂದು ಮಾತು ಇವೆ ನೋಡಿ. ಮಣ್ಣಲ್ಲಿ ನೀರು ಇಂಗಿತು. ಕೆರೆ ಬತ್ತಿತು. ಬಟ್ಟೆ ಒಣಗಿತು. ತಲೆಕೂದಲು ಆರಿತು. ಮಕ್ಕಳಿಗೆ ಈ ನಾಲ್ಕು ಮಾತು ಕೊಟ್ಟು, ತಟ್ಟೆಯ ನೀರಿಗೆ ಯಾವುದು ಸರಿ ಅಂತ ಕೇಳಿ. ಯಾರಾದರೂ "ಇಂಗಿತು" ಎನ್ನುತ್ತಾರೆ. ಸ್ಟೀಲ್ ಒಳಗೆ ನೀರು ಇಂಗುತ್ತದಾ? ತಟ್ಟೆ ತಿರುಗಿಸಿ ಕೆಳಗೆ ಕೈ ಸವರಲಿ. ಒಣಕಲು. ಕೆಳಗೆ ಹೋಗಿಲ್ಲ, ಪಕ್ಕಕ್ಕೆ ಹರಿದಿಲ್ಲ. ಉಳಿದದ್ದು ಮೇಲಿನ ದಾರಿ ಒಂದೇ. ಆ ಮಾತು ಮಗುವಿನ ಬಾಯಿಂದಲೇ ಬರುವ ತನಕ ಕಾಯಿರಿ.

ಮುಲುಂಡ್ ಅಪ್ಪ · ಸೋಮವಾರ ರಾತ್ರಿ

ನಮ್ಮ ಮನೆಯಲ್ಲಿ ಇದಕ್ಕೆ ಉತ್ತರ ಸಿಕ್ಕಿದ್ದು ಏಸಿ ಪೈಪಿನಿಂದ. ಗೋಡೆಯಿಂದ ಹೊರಗೆ ಬರುವ ಸಣ್ಣ ಪೈಪಿನ ಕೆಳಗೆ ಮಗ ರಾತ್ರಿ ಬಕೆಟ್ ಇಟ್ಟ. ಬೆಳಗ್ಗೆ ಅರ್ಧ ಬಕೆಟ್‌ಗೂ ಜಾಸ್ತಿ ನೀರು. ಅವನು ನಲ್ಲಿಯ ಪೈಪು ಏಸಿಗೆ ಎಲ್ಲಿ ಸೇರಿದೆ ಅಂತ ಮನೆಯೆಲ್ಲ ಹುಡುಕಿದ. ಎಲ್ಲೂ ಇಲ್ಲ. ಏಸಿ ಒಳಗೆ ತಣ್ಣನೆಯ ಕೊಳವೆಗಳಿವೆ, ಕೋಣೆಯ ಗಾಳಿ ಅವುಗಳನ್ನು ಸವರಿಕೊಂಡು ಹೋಗುತ್ತದೆ, ಗಾಳಿಯಲ್ಲಿದ್ದ ನೀರು ಅಲ್ಲಿ ಹನಿಯಾಗುತ್ತದೆ ಎಂದೆ. "ಹಾಗಾದ್ರೆ ಇದು ನಾವು ಉಸಿರಾಡಿದ ನೀರಾ?" ಎಂದ. ಸ್ವಲ್ಪ ಹೌದು! ಆ ನೀರನ್ನು ಈಗ ದಿನಾ ತುಳಸಿ ಗಿಡಕ್ಕೆ ಹಾಕುತ್ತಾನೆ. ಕುಡಿಯಬಾರದು ಅಂತ ಹೇಳಿದ್ದೇನೆ.

ಪುಣೆ ಮೇಷ್ಟ್ರು · ಸೋಮವಾರ ರಾತ್ರಿ

ಬಹಳ ಚೆನ್ನಾಗಿದೆ. ಆ ಬಕೆಟ್‌ಗೆ ಒಂದು ಲೆಕ್ಕ ಸೇರಿಸುತ್ತೇನೆ. 30 ಡಿಗ್ರಿ ಸೆಲ್ಸಿಯಸ್ ಇರುವಾಗ ಒಂದು ಘನ ಮೀಟರ್ ಜಾಗದಲ್ಲಿ ಹೆಚ್ಚೆಂದರೆ ಸುಮಾರು 30 ಗ್ರಾಂ ಆವಿ ಇರಬಲ್ಲದು. ಮುಂಬೈಯ ಮೇ ತಿಂಗಳಲ್ಲಿ ಅದರ ಮುಕ್ಕಾಲು ಪಾಲು ಇದೆ ಅಂದುಕೊಳ್ಳೋಣ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಅರ್ಧ ಲೀಟರ್‌ಗೂ ಜಾಸ್ತಿ ನೀರಾಯಿತು. ಹುಡುಗಿ "ಎಲ್ಲಿದೆ?" ಅಂದಳಲ್ಲ, ಒಂದು ಲೀಟರ್ ಬಾಟಲಿಯಲ್ಲಿ ಅರ್ಧಕ್ಕೆ ನೀರು ತುಂಬಿಸಿ ತೋರಿಸಿ. ಇಷ್ಟು ನೀರು ಈ ಕೋಣೆ ತುಂಬ ಹರಡಿದೆ ಎನ್ನಿ.

ಮಾಟುಂಗಾ ಅಜ್ಜಿ · ಮಂಗಳವಾರ

ನಾನು ವಿಜ್ಞಾನ ಓದಿದವಳಲ್ಲ. ಐವತ್ತು ವರ್ಷ ಅಡುಗೆಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ.

ಮೊಮ್ಮಗಳಿಗೆ ನಾನು ಎರಡು ಮಾತು ಬೇರೆ ಬೇರೆ ಮಾಡಿ ಹೇಳಿಕೊಟ್ಟಿದ್ದೇನೆ. ಕಂಡರೆ ಹಬೆ, ಕಾಣದಿದ್ದರೆ ಆವಿ. ಚಹದ ಕೆಟಲ್ ಕುದಿಯುವಾಗ ಅದರ ಮೂತಿಯನ್ನು ದೂರದಿಂದ ನೋಡು ಎಂದೆ. ಬೆಳ್ಳಗೆ ಕಾಣುವುದು ಮೂತಿಗೆ ಅಂಟಿಕೊಂಡಿಲ್ಲ. ಮೂತಿಗೂ ಬಿಳಿಗೂ ನಡುವೆ ಒಂದು ಬೆರಳಿನಷ್ಟು ಖಾಲಿ ಜಾಗ. ಅಲ್ಲಿ ಏನೂ ಇಲ್ಲ ಅಂದುಕೊಂಡು ಕೈ ಇಟ್ಟರೆ ಸುಟ್ಟು ಬೊಬ್ಬೆ ಬರುತ್ತದೆ. ಆ ಖಾಲಿ ಜಾಗದಲ್ಲಿರುವುದೇ ಆವಿ. ಆಚೆ ಹೋಗಿ ತಂಗಾಳಿ ತಾಗಿದ ಮೇಲೆ ಸಣ್ಣ ಸಣ್ಣ ಹನಿಯಾಗಿ ಬೆಳ್ಳಗೆ ಕಾಣುವುದು ಹಬೆ. ಇನ್ನೂ ಮೇಲೆ ಹೋದರೆ ಅದೂ ಕಾಣೆ. ಮತ್ತೆ ಆವಿಯಾಯಿತು.

ಅವಳು ಈಗ ಅನ್ನದ ಪಾತ್ರೆ, ಸಾರು, ಬಚ್ಚಲಿನ ಬಿಸಿನೀರು ಎಲ್ಲದರ ಹತ್ತಿರ ನಿಂತು "ಅಜ್ಜಿ, ಇಲ್ಲಿ ಆವಿ, ಇಲ್ಲಿ ಹಬೆ" ಎನ್ನುತ್ತಾಳೆ. ದೂರ ನಿಲ್ಲಿಸುವುದೇ ಕೆಲಸ.

ಭೀಮಾತೀರ · ಮಂಗಳವಾರ ರಾತ್ರಿ

ಅಜ್ಜಿ, ಆ ಖಾಲಿ ಜಾಗದ ಮಾತು ನನಗೆ ಇಂಜಿನಿಯರಿಂಗ್ ಓದುವಾಗಲೂ ಯಾರೂ ತೋರಿಸಿರಲಿಲ್ಲ. ಇವತ್ತು ಪುಣೆ ಪಕ್ಕದ ಪಿಂಪ್ರಿಯ ಮನೆಯಲ್ಲಿ ಕೆಟಲ್ ಇಟ್ಟು ನೋಡಿದೆ. ನಿಜ.

ಒಂದು ಸಣ್ಣ ತಕರಾರು. ನಾವು "ಇಡ್ಲಿ ಹಬೆಯಲ್ಲಿ ಬೇಯುತ್ತದೆ" ಅಂತಲೇ ಹೇಳುವುದು. ಪಾತ್ರೆಯ ಒಳಗೆ ಇರುವುದು ಹೆಚ್ಚಾಗಿ ಕಾಣದ ಬಿಸಿ ಆವಿ. ಹಾಗಾಗಿ ಹಬೆ ಎನ್ನುವ ಮಾತು ಎರಡಕ್ಕೂ ನಡೆಯುತ್ತದೆ. ಮಕ್ಕಳು ಗೊಂದಲ ಮಾಡಿಕೊಳ್ಳಬಹುದು.

ಆದರೆ ಇಡ್ಲಿ ವಿಷಯ ಬಿಡಬೇಡಿ. ಇಡ್ಲಿ ಬೇಯುವುದೇ ಆವಿ ಮತ್ತೆ ನೀರಾಗುವುದರಿಂದ. ಒಂದು ಗ್ರಾಂ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿಗೆ ಬಿಸಿ ಮಾಡಲು 100 ಕ್ಯಾಲೊರಿ ಶಾಖ ಸಾಕು. ಅದೇ 100 ಡಿಗ್ರಿ ನೀರನ್ನು ಪೂರ್ತಿ ಆವಿ ಮಾಡಲು ಇನ್ನೂ 540 ಕ್ಯಾಲೊರಿ ಬೇಕು. ಆ ಶಾಖ ಎಲ್ಲೂ ಹೋಗುವುದಿಲ್ಲ. ಆವಿ ತಣ್ಣನೆಯ ಹಿಟ್ಟಿಗೆ ತಾಗಿ ನೀರಾಗುವಾಗ ಅಷ್ಟನ್ನೂ ಹಿಟ್ಟಿಗೆ ಕೊಡುತ್ತದೆ. ಅದಕ್ಕೇ ಇಡ್ಲಿ ಹತ್ತು ಹನ್ನೆರಡು ನಿಮಿಷಕ್ಕೆ ಬೇಯುತ್ತದೆ. ಕುದಿಯುವ ನೀರಿಗಿಂತ ಆವಿ ತಾಗಿದರೆ ಸುಡುವುದು ಜಾಸ್ತಿ ಎನ್ನುವುದೂ ಇದಕ್ಕೇ. ಕುಕ್ಕರ್ ಹತ್ತಿರ ಹೋಗಬೇಡ ಎನ್ನುವಾಗ ಈ ಕಾರಣವನ್ನೂ ಹೇಳಿ. ಮಕ್ಕಳಿಗೆ ಕಾರಣ ಗೊತ್ತಾದರೆ ಮಾತು ಕೇಳುತ್ತಾರೆ.

ಮಾಟುಂಗಾ ಅಜ್ಜಿ · ಬುಧವಾರ

ಹೌದಪ್ಪ, ನೀನು ಹೇಳಿದ್ದು ಸರಿ. ಮಾತು ಎರಡೂ ಕಡೆ ನಡೆಯುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಕಂಡರೆ ಹಬೆ ಅಂತ ಇಟ್ಟುಕೊಂಡಿದ್ದೇವೆ. ಕಾಣುವುದಕ್ಕೂ ಕಾಣದಿರುವುದಕ್ಕೂ ಎರಡು ಹೆಸರು ಇದ್ದರೆ ಮಗು ಎರಡನ್ನೂ ಹುಡುಕುತ್ತದೆ, ನನಗೆ ಬೇಕಾದ್ದು ಅಷ್ಟೇ.

ಮಿಠಾಗರ · ಗುರುವಾರ

ಗೋವಾದ ವಾಸ್ಕೋದಿಂದ ಬರೆಯುತ್ತಿದ್ದೇನೆ. ಊರು ಗೋಕರ್ಣದ ಹತ್ತಿರ, ಸಾಣಿಕಟ್ಟೆಯ ಉಪ್ಪಿನ ಆಗರ ನೋಡುತ್ತಾ ಬೆಳೆದವನು. ಗೋವಾದಲ್ಲೂ ಅದಕ್ಕೆ ಆಗರ, ಮಿಠಾಗರ ಅಂತಲೇ ಹೇಳುತ್ತಾರೆ. ಅಗರವಾಡೊ, ನೆರೂಲ್, ರಿಬಂದರ್ ಕಡೆ ಇನ್ನೂ ಸ್ವಲ್ಪ ಉಳಿದಿವೆ. ಮೊದಲಿನಷ್ಟು ಇಲ್ಲ ಎನ್ನುವುದು ನನಗೆ ಬಹಳ ನೋವಿನ ವಿಷಯ. ಮುಂಬೈಯವರೂ ಭಾಂಡುಪ್, ವಡಾಳಾ ಕಡೆ ರೈಲಿನಿಂದಲೋ ರಸ್ತೆಯಿಂದಲೋ ಇವನ್ನು ನೋಡಿರುತ್ತೀರಿ.

ನೀರು 100 ಡಿಗ್ರಿಗೆ ಕುದಿದರೆ ಮಾತ್ರ ಆವಿಯಾಗುತ್ತದೆ ಅಂತ ಎಷ್ಟೋ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಆಗರಕ್ಕೆ ಕರೆದುಕೊಂಡು ಬನ್ನಿ. ಅಲ್ಲಿ ಯಾರೂ ಒಲೆ ಹಚ್ಚಿಲ್ಲ. ಭರತದ ನೀರನ್ನು ಗದ್ದೆಯಂಥ ಪಾತಿಗಳಿಗೆ ಬಿಡುತ್ತಾರೆ. ತೆಳ್ಳಗೆ ಹರಡಿದ ನೀರು, ಮೇಲೆ ಬಿಸಿಲು, ಪಕ್ಕದಿಂದ ಗಾಳಿ. ಪಾತಿಯಿಂದ ಪಾತಿಗೆ ಹೋಗುತ್ತಾ ನೀರು ಗಟ್ಟಿ ಉಪ್ಪುನೀರಾಗುತ್ತದೆ. ಕೊನೆಗೆ ಹರಳು ಕೂರುತ್ತದೆ. ಬರಿಗಾಲಲ್ಲಿ ನಿಂತು ಎಳೆದು ಗುಡ್ಡೆ ಹಾಕುತ್ತಾರೆ. ಕುದಿಯುವ ನೀರಾಗಿದ್ದರೆ ಯಾರಾದರೂ ಕಾಲಿಡುವುದಕ್ಕೆ ಆಗುತ್ತಿತ್ತಾ?

ಅಲ್ಲಿ ಕೆಲಸ ಮಾಡುವವರು ಮೂರು ವಿಷಯ ಹೇಳುತ್ತಾರೆ. ನೀರು ತೆಳ್ಳಗಿರಬೇಕು. ಬಿಸಿಲಿರಬೇಕು. ಗಾಳಿ ಆಡಬೇಕು. ಮೋಡ ಮುಚ್ಚಿದ, ಗಾಳಿ ಕಟ್ಟಿದ ದಿನ ಉಪ್ಪು ಮೂಡುವುದು ತಡ. ಪುಸ್ತಕದ ಒಂದು ಪಾಠ ಪೂರ್ತಿ ಇದರಲ್ಲಿದೆ.

ಮನೆಯಲ್ಲಿ ಮಾಡಬೇಕೆಂದರೆ ಒಂದು ಲೋಟ ಸಮುದ್ರದ ನೀರು ತಂದು ಸೋಸಿ, ಅಗಲ ತಟ್ಟೆಯಲ್ಲಿ ಬಿಸಿಲಿಗಿಡಿ. ಲೀಟರ್‌ಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಲೋಟದಷ್ಟು ನೀರಿಗೆ ಒಂದು ಚಮಚ ಉಪ್ಪು ಕಂಡೇ ಕಾಣುತ್ತದೆ. ಆಮೇಲೆ ಮಕ್ಕಳನ್ನು ಕೇಳಿ: ಮಳೆ ಸಮುದ್ರದಿಂದ ಬಂದರೂ ಉಪ್ಪಾಗಿಲ್ಲ ಯಾಕೆ? ಉತ್ತರ ಆ ತಟ್ಟೆಯಲ್ಲೇ ಕೂತಿರುತ್ತದೆ.

ಡೊಂಬಿವಲಿ ಅಮ್ಮ · ಎರಡನೇ ಭಾನುವಾರ, ಮಧ್ಯಾಹ್ನ

ನಿಮ್ಮೆಲ್ಲರಿಗೂ ಮನಸಾರೆ ಧನ್ಯವಾದ. ಇವತ್ತು ತಟ್ಟೆ, ಶರಬತ್ತು, ತಕ್ಕಡಿ ಮೂರೂ ಮಾಡಿದೆವು.

ತಟ್ಟೆಯ ನೀರಿಗೆ ನಾಲ್ವರು "ಇಂಗಿತು" ಎಂದರು, ಮೇಷ್ಟ್ರು ಹೇಳಿದ ಹಾಗೇ. ತಟ್ಟೆ ತಿರುಗಿಸಿ ನೋಡಿದ ಮೇಲೆ ಒಬ್ಬ ಹುಡುಗ "ಫ್ಯಾನ್ ಕುಡಿಯಿತು" ಎಂದ. ನನಗೆ ಅದು ಬಹಳ ಇಷ್ಟವಾಯಿತು. ಫ್ಯಾನ್ ನಿಲ್ಲಿಸಿ ಇನ್ನೊಂದು ತಟ್ಟೆ ಇಟ್ಟೆವು. ತಡವಾದರೂ ನೀರು ಹೋಯಿತು. "ಹಾಗಾದ್ರೆ ಗಾಳಿ ಕುಡಿಯಿತು" ಎಂದ.

ಬಾಟಲಿ ಇಪ್ಪತ್ತು ನಿಮಿಷದಲ್ಲಿ 4 ಗ್ರಾಂ ಹೆಚ್ಚಾಯಿತು. ತಕ್ಕಡಿಯ ಅಂಕಿ ಒಂದೊಂದೇ ಏರುವಾಗ ಹನ್ನೊಂದು ತಲೆಗಳೂ ಅದರ ಮೇಲೆ ಬಾಗಿದ್ದವು. ತೂತಾಗಿದೆಯಾ ಅಂದಿದ್ದ ಹುಡುಗಿ ಕೊನೆಗೆ, "ಗಾಳಿ ಕುಡಿದ ನೀರನ್ನು ಬಾಟಲಿ ಹತ್ತಿರ ಬಂದಾಗ ಉಗುಳಿತು" ಎಂದಳು. ಇಬ್ಬರ ಮಾತೂ ಸೇರಿ ಪಾಠ ಪೂರ್ತಿಯಾಯಿತು.

ಒಂದು ಆಸೆ ಇದೆ. ಮುಂದಿನ ಭಾನುವಾರ ಮಧ್ಯಾಹ್ನ 12 ಗಂಟೆಗೆ ಡೊಂಬಿವಲಿ, ಪುಣೆ, ವಾಸ್ಕೋ ಮೂರೂ ಕಡೆ ಒಂದೇ ಥರದ ಕರವಸ್ತ್ರ ಒದ್ದೆ ಮಾಡಿ, ಹಿಂಡಿ, ನೆರಳಲ್ಲಿ ಹರಡೋಣವೇ? ಯಾವುದು ಮೊದಲು ಒಣಗುತ್ತದೆ ಅಂತ ಮಕ್ಕಳು ಈಗಲೇ ಬರೆದಿಟ್ಟಿದ್ದಾರೆ. ಏಳು ಮಂದಿ ವಾಸ್ಕೋ ಅಂದಿದ್ದಾರೆ, ಅಲ್ಲಿ ಸಮುದ್ರದ ಗಾಳಿ ಇದೆಯಂತೆ.

ಭೀಮಾತೀರ · ಮೂರನೇ ಭಾನುವಾರ

ಪಿಂಪ್ರಿ: 35 ನಿಮಿಷ. ಬಾಲ್ಕನಿಯ ನೆರಳು, ಫ್ಯಾನ್ ಇಲ್ಲ.

ಮಿಠಾಗರ · ಮೂರನೇ ಭಾನುವಾರ

ವಾಸ್ಕೋ: ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಗಾಳಿ ಚೆನ್ನಾಗಿಯೇ ಇತ್ತು.

ಡೊಂಬಿವಲಿ ಅಮ್ಮ · ಮೂರನೇ ಭಾನುವಾರ

ನಮ್ಮದು ಒಂದು ಗಂಟೆ 20 ನಿಮಿಷ. ವಾಸ್ಕೋ ಅಂದಿದ್ದ ಏಳು ಮಂದಿಗೆ ಬೇಸರ. ಸಮುದ್ರದ ಗಾಳಿ ಜೋರಾಗಿ ಬೀಸಿದರೂ ಪುಣೆ ಹೇಗೆ ಗೆದ್ದಿತು ಅಂತ ಕೇಳುತ್ತಿದ್ದಾರೆ.

ಪುಣೆ ಮೇಷ್ಟ್ರು · ಅದೇ ಸಂಜೆ

ಸಮುದ್ರದ ಗಾಳಿ ಬೀಸುತ್ತದೆ ನಿಜ, ಆದರೆ ಅದು ಬರುವಾಗಲೇ ನೀರು ಹೊತ್ತು ಬಂದಿರುತ್ತದೆ. ಬಟ್ಟೆಯಿಂದ ನೀರಿನ ಕಣಗಳು ಹೊರಗೆ ಹಾರುತ್ತಲೇ ಇರುತ್ತವೆ. ಗಾಳಿಯಲ್ಲಿರುವ ಕಣಗಳು ಮರಳಿ ಬಟ್ಟೆಗೆ ಬಂದು ಸೇರುತ್ತಲೂ ಇರುತ್ತವೆ. ಹೋಗುವುದು ಜಾಸ್ತಿಯಾದರೆ ಬಟ್ಟೆ ಒಣಗುತ್ತದೆ. ಬರುವುದು ಜಾಸ್ತಿಯಾದರೆ ತಣ್ಣನೆಯ ಬಾಟಲಿಯ ಮೇಲೆ ಆದ ಹಾಗೆ ಹನಿ ಮೂಡುತ್ತದೆ. ಎರಡೂ ಸಮವಾದರೆ ಬಟ್ಟೆ ಹಾಗೇ ಒದ್ದೆಯಾಗಿರುತ್ತದೆ. ಪುಣೆಯ ಮೇ ತಿಂಗಳ ಒಣ ಗಾಳಿಯಲ್ಲಿ ಮರಳಿ ಬರುವವರು ಕಡಿಮೆ.

"ಗಾಳಿ ಕುಡಿಯಿತು" ಎನ್ನುವುದು ಮುದ್ದಾದ ಮಾತು. ಸದ್ಯಕ್ಕೆ ಇರಲಿ. ದೊಡ್ಡವರಾದ ಮೇಲೆ, ಗಾಳಿ ಸ್ಪಂಜಿನ ಹಾಗೆ ನೀರು ಹೀರುವುದಿಲ್ಲ, ಕಣಗಳು ತಾವೇ ಹಾರುತ್ತವೆ ಅಂತ ತಿದ್ದಬಹುದು. ಈಗಲೇ ತೋರಿಸಬೇಕೆಂದರೆ ಒಂದು ಆಟ ಇದೆ. ನೆಲದಲ್ಲಿ ಸೀಮೆಸುಣ್ಣದಿಂದ ಒಂದು ದೊಡ್ಡ ವೃತ್ತ ಬರೆಯಿರಿ. ಮಕ್ಕಳೆಲ್ಲ ಒಳಗೆ ಅಲುಗಾಡುತ್ತಿರಲಿ. ಕೆಲವರು ಮೆಲ್ಲಗೆ, ಕೆಲವರು ಜೋರಾಗಿ. ಜೋರಾಗಿ ಜಿಗಿಯುವವರು ಗೆರೆ ದಾಟಿ ಹೊರಗೆ ಹೋಗಲಿ. ಈಗ ಒಳಗೆ ಉಳಿದವರನ್ನು ನೋಡಿ. ಮೆಲ್ಲಗೆ ಅಲುಗಾಡುವವರೇ. ಚುರುಕು ಕಣಗಳು ಹೋದ ಮೇಲೆ ಉಳಿದ ನೀರು ತಣ್ಣಗಾಗುತ್ತದೆ ಎನ್ನುವುದು ಇದೇ.

ಮಣ್ಣಿನ ಮಡಕೆ, ಇಲ್ಲಿಯವರು ಮಾಠ ಎನ್ನುತ್ತಾರಲ್ಲ, ಅದು ನೀರು ತಂಪು ಮಾಡುವುದು ಹೀಗೇ. ಮಡಕೆಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಹೊರಮೈಯಿಂದ ಆರುತ್ತದೆ. ಆರುವಾಗ ಒಳಗಿನ ಶಾಖ ತಗೊಂಡು ಹೋಗುತ್ತದೆ. ಆದ್ದರಿಂದಲೇ ಪುಣೆಯಲ್ಲಿ, ವಿಜಯಪುರದಲ್ಲಿ ಮಡಕೆಯ ನೀರು ಹಲ್ಲು ಜುಮ್ಮೆನ್ನುವಷ್ಟು ತಂಪು. ಮುಂಬೈಯಲ್ಲಿ ಅಷ್ಟು ತಂಪಾಗುವುದಿಲ್ಲ. ನೀರಿನ ಕೂಲರ್ ಕೂಡ ಹಾಗೇ. ನಮ್ಮ ಬೆವರೂ ಹಾಗೇ. 33 ಡಿಗ್ರಿ ಇರುವ ದಾದರ್‌ನಲ್ಲಿ 38 ಡಿಗ್ರಿ ಇರುವ ಪುಣೆಗಿಂತ ಜಾಸ್ತಿ ಸುಸ್ತಾಗುವುದು ಯಾಕೆ ಅಂತ ಈಗ ಗೊತ್ತಾಯಿತಲ್ವಾ? ಬೆವರು ಬರುತ್ತದೆ, ಆರುವುದಿಲ್ಲ.

ಒಂದು ಎಚ್ಚರ: ಬೆವರುವ ಬಾಟಲಿ, ಬೆವರುವ ಮಡಕೆ ಎರಡೂ ನೋಡಲು ಒಂದೇ ಥರ. ಬಾಟಲಿಯ ನೀರು ಹೊರಗಿನ ಗಾಳಿಯದು. ಮಡಕೆಯ ನೀರು ಒಳಗಿನಿಂದ ಜಿನುಗಿದ್ದು. "ತೂತಾಗಿದೆಯಾ?" ಎನ್ನುವ ಪ್ರಶ್ನೆಗೆ ಮಡಕೆಯಲ್ಲಿ ಉತ್ತರ ಹೌದು! ಎರಡನ್ನೂ ಅಕ್ಕಪಕ್ಕ ಇಟ್ಟು ತೂಗಿದರೆ, ಬಾಟಲಿ ತೂಕ ಏರುತ್ತದೆ, ಮಡಕೆ ತೂಕ ಇಳಿಯುತ್ತದೆ.

ಮುಲುಂಡ್ ಅಪ್ಪ · ಸೋಮವಾರ

ಇದೆಲ್ಲ ಬಹಳ ಚೆನ್ನಾಗಿದೆ, ಮಗ ಎರಡೂ ತೂಗುತ್ತಾ ಕೂತಿದ್ದಾನೆ. ಆದರೆ ಪರೀಕ್ಷೆಯಲ್ಲಿ ಪದ ಬೇಕಲ್ಲ. ಅವನಿಗೆ ಶಾಲೆಯಲ್ಲಿ ಒಂದು ಹೆಸರು, ಮರಾಠಿಯಲ್ಲಿ ಬಾಷ್ಪೀಭವನ, ಮನೆಯಲ್ಲಿ ಕನ್ನಡದ್ದು ಬೇರೆ. ಇಷ್ಟೊಂದು ಬೇಕಾ? ಹೋದ ವರ್ಷ ಒಂದು ಉತ್ತರ ಪತ್ರಿಕೆಯಲ್ಲಿ "ಬಾಟಲಿಯ ಹೊರಗೆ ಆವಿ ನೀರಾಯಿತು" ಅಂತ ತನ್ನ ಮಾತಲ್ಲಿ ಬರೆದದ್ದಕ್ಕೆ ಅಂಕ ಕೊಡಲಿಲ್ಲ. ಪದ ಬರೆದಿಲ್ಲವಂತೆ. ಅವತ್ತು ಅವನು ಅತ್ತಿದ್ದು ನನಗಿನ್ನೂ ನೆನಪಿದೆ.

ಪುಣೆ ಮೇಷ್ಟ್ರು · ಸೋಮವಾರ

ಆ ಉತ್ತರ ಸರಿಯಾಗಿಯೇ ಇತ್ತು. ಅವನಿಗೆ ನನ್ನ ಪರವಾಗಿ ಹೇಳಿ. ಪದ ಕಲಿಯಲಿ, ಆದರೆ ಕಡೆಗೆ ಕಲಿಯಲಿ. ಆವೀಕರಣ ಅಂದರೆ ಆವಿಯಾಗುವುದು, ಬಾಷ್ಪೀಕರಣ ಅಂತಲೂ ಇದೆ. ಸಾಂದ್ರೀಕರಣ ಅಂದರೆ ಆವಿ ನೀರಾಗುವುದು. ಎಷ್ಟೋ ಮಂದಿ ಇದಕ್ಕೆ ಘನೀಕರಣ ಎಂದು ಬಿಡುತ್ತಾರೆ. ಅದು ನೀರು ಮಂಜುಗಡ್ಡೆಯಾಗುವುದು, ಬೇರೆ. ಕಣ್ಣಾರೆ ಕಂಡ ಮೇಲೆ ಮೂರು ಪದ ಮೂರು ಪೆಟ್ಟಿಗೆಯಲ್ಲಿ ಕೂರುತ್ತವೆ. ಕಾಣದೆ ಕಲಿತರೆ ಕಲಸಿಹೋಗುತ್ತವೆ.

ಭೀಮಾತೀರ · ಮೇ ಕೊನೆಯ ವಾರ

ಪುಣೆಯ ನಾಲ್ಕು ಮನೆಗಳ ಮಕ್ಕಳು ಸೇರಿ ಬಾಟಲಿಯಲ್ಲಿ ಮೋಡ ಮಾಡಿದೆವು. ದೊಡ್ಡವರು ಜೊತೆಗಿರಲೇಬೇಕು, ಬೆಂಕಿಕಡ್ಡಿ ಬೇಕು. ಎರಡು ಲೀಟರ್‌ನ ಪ್ಲಾಸ್ಟಿಕ್ ಬಾಟಲಿಯಲ್ಲಿ ಸ್ವಲ್ಪ ಬೆಚ್ಚಗಿನ ನೀರು ಹಾಕಿ ಕುಲುಕಿ. ಮುಚ್ಚಿ, ಜೋರಾಗಿ ಹಿಚುಕಿ, ಬಿಡಿ. ಏನೂ ಕಾಣುವುದಿಲ್ಲ. ಈಗ ಬೆಂಕಿಕಡ್ಡಿ ಹಚ್ಚಿ ಆರಿಸಿ, ಅದರ ಹೊಗೆ ಸ್ವಲ್ಪ ಒಳಗೆ ಎಳೆದುಕೊಳ್ಳುವ ಹಾಗೆ ಮಾಡಿ, ಮತ್ತೆ ಮುಚ್ಚಿ ಹಿಚುಕಿ. ಬಿಟ್ಟ ತಕ್ಷಣ ಒಳಗೆ ಬೆಳ್ಳನೆಯ ಮೋಡ. ಹಿಚುಕಿದರೆ ಮಾಯ. ಬಿಟ್ಟರೆ ಮತ್ತೆ ಮೋಡ. ಮಕ್ಕಳು ಬಾಟಲಿ ಕೈಬಿಡಲೇ ಇಲ್ಲ.

ಬಿಟ್ಟಾಗ ಒಳಗಿನ ಗಾಳಿ ಹಿಗ್ಗಿ ತಣ್ಣಗಾಗುತ್ತದೆ. ಆವಿಗೆ ಹನಿಯಾಗಲು ಕೂರುವುದಕ್ಕೊಂದು ಜಾಗ ಬೇಕು, ಹೊಗೆಯ ಕಣ ಆ ಜಾಗ ಕೊಡುತ್ತದೆ. ನಮ್ಮ ಆಕಾಶದಲ್ಲಿ ಆ ಕೆಲಸವನ್ನು ಧೂಳು, ಹೊಗೆ, ಸಮುದ್ರದ ಅಲೆಯಿಂದ ಹಾರಿದ ಉಪ್ಪಿನ ಕಣಗಳು ಮಾಡುತ್ತವೆ. ಮಿಠಾಗರದವರೇ, ಉಪ್ಪು ನಿಮ್ಮ ಪಾತಿಯಲ್ಲಿ ಮಾತ್ರ ಇಲ್ಲ, ಮೋಡದ ಹನಿಯ ನಡುವೆಯೂ ಇದೆ.

ಮೋಡದ ಒಂದು ಹನಿ ಒಂದು ಮಿಲಿಮೀಟರ್‌ನ ಐವತ್ತನೇ ಒಂದು ಪಾಲಿನಷ್ಟು ಸಣ್ಣದು. ಅಂಥ ಸುಮಾರು ಹತ್ತು ಲಕ್ಷ ಹನಿ ಸೇರಿದರೆ ಒಂದು ಮಳೆಹನಿ. ಡಿಕ್ಕಿ ಹೊಡೆದು, ಒಂದಕ್ಕೊಂದು ಅಂಟಿ ದೊಡ್ಡದಾಗುತ್ತವೆ. ಹನಿಹನಿ ಗೂಡಿದರೆ ಹಳ್ಳ ಎನ್ನುವ ಗಾದೆಯನ್ನು ಮೊದಲು ಮೋಡಕ್ಕೇ ಹೇಳಬೇಕಿತ್ತು.

ಈಗ ನಮ್ಮ ಸಹ್ಯಾದ್ರಿ. ಮುಂಗಾರು ಗಾಳಿ ಅರಬ್ಬಿ ಸಮುದ್ರದ ಆವಿ ಹೊತ್ತು ಬಂದು ಘಟ್ಟಕ್ಕೆ ತಾಗುತ್ತದೆ. ಮೇಲೇರಲೇಬೇಕು. ಮೇಲೆ ಒತ್ತಡ ಕಡಿಮೆ, ಗಾಳಿ ಹಿಗ್ಗುತ್ತದೆ, ತಣ್ಣಗಾಗುತ್ತದೆ. ಬಾಟಲಿ ಕೈಬಿಟ್ಟ ಹಾಗೆಯೇ. ಮಹಾಬಲೇಶ್ವರದಲ್ಲಿ ವರ್ಷಕ್ಕೆ 5000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಘಟ್ಟ ಇಳಿದು ಪುಣೆಗೆ ಬಂದರೆ 700ರ ಆಸುಪಾಸು. ಇಳಿಯುವ ಗಾಳಿ ಮತ್ತೆ ಬೆಚ್ಚಗಾಗುತ್ತದೆ, ಮೋಡ ಕರಗುತ್ತದೆ. ಹಿಚುಕಿದ ಬಾಟಲಿ.

ನಾನು ಇಂಡಿ ತಾಲ್ಲೂಕಿನವನು. ಮಕ್ಕಳಿಗೆ ನಕಾಶೆ ಹಾಕಿ ತೋರಿಸಿದೆ. ಮಹಾಬಲೇಶ್ವರದ ಆ ಮಳೆ ಕೃಷ್ಣೆಯಾಗಿ ಆಲಮಟ್ಟಿಗೆ ಹೋಗುತ್ತದೆ. ಪುಣೆಯ ಮುಠಾ ನದಿ ಮುಳಾ ಸೇರಿ, ಭೀಮೆ ಸೇರಿ, ಉಜನಿ ಅಣೆಕಟ್ಟು ದಾಟಿ, ಪಂಢರಪುರದಲ್ಲಿ ಚಂದ್ರಭಾಗಾ ಅನ್ನಿಸಿಕೊಂಡು, ನಮ್ಮೂರ ಕಡೆಗೆ, ಕಲಬುರ್ಗಿ ಕಡೆಗೆ ಹರಿದು, ರಾಯಚೂರಿನ ಹತ್ತಿರ ಕೃಷ್ಣೆಯಲ್ಲಿ ಬೆರೆಯುತ್ತದೆ. ಪಶ್ಚಿಮದ ಸಮುದ್ರದಿಂದ ಎದ್ದ ನೀರು ಪೂರ್ವದ ಸಮುದ್ರ ಸೇರುತ್ತದೆ. ಪುಸ್ತಕದ ಬಾಣಗಳು ಬದುಕಿದ್ದು ನನಗೆ ಅವತ್ತೇ.

ಮುಲುಂಡ್ ಅಪ್ಪ · ಜೂನ್ ಮೊದಲ ವಾರ

ಮಗನ ಪ್ರಶ್ನೆ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿದ್ದ ಕಥೆ ನನ್ನ ಬಾಯಲ್ಲಿ ಕೇಳಿದ್ದಾನೆ. ಅವತ್ತು ನಾನು ಸೊಂಟದ ತನಕ ನೀರಲ್ಲಿ ನಡೆದು ಮನೆ ಸೇರಿದವನು. ಅಷ್ಟು ನೀರು ಒಂದೇ ಸಲ ಆಕಾಶದಲ್ಲಿ ಹೇಗೆ ನಿಂತಿತ್ತು ಅಂತ ಕೇಳುತ್ತಾನೆ.

ಪುಣೆ ಮೇಷ್ಟ್ರು · ಮರುದಿನ

ನಿಂತಿರಲಿಲ್ಲ. ಭೂಮಿಯ ಮೇಲಿನ ಗಾಳಿಯಲ್ಲಿರುವ ಆವಿಯೆಲ್ಲ ಒಮ್ಮೆಗೇ ನೀರಾಗಿ ಬಿದ್ದರೂ ಸರಾಸರಿ 25 ಮಿಲಿಮೀಟರ್‌ನಷ್ಟೇ ಆಗುತ್ತದೆ. ಬೆರಳಿನ ಒಂದು ಗೆಣ್ಣು. ಮಳೆಗಾಲದ ಕರಾವಳಿಯಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ, ಆದರೂ 944ರ ಹತ್ತಿರಕ್ಕೂ ಬರುವುದಿಲ್ಲ. ಅವತ್ತು ಸಮುದ್ರದ ಕಡೆಯಿಂದ ಹೊಸ ಆವಿ ಬಿಡದೆ ಬರುತ್ತಲೇ ಇತ್ತು, ಒಂದೇ ಜಾಗದಲ್ಲಿ ಮೇಲೇರಿ ನೀರಾಗುತ್ತಲೇ ಇತ್ತು. ನಲ್ಲಿಯ ಕೆಳಗಿನ ಬಕೆಟ್ ತುಂಬಿತು ಅಂದರೆ ಅಷ್ಟೂ ನೀರು ನಲ್ಲಿಯೊಳಗೇ ಇತ್ತು ಅಂತ ಅಲ್ಲ, ಹಿಂದೆ ಪೈಪು ಇದೆ. ಅದೇ ದಿನ ಮುಂಬೈಯದೇ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 74 ಮಿಲಿಮೀಟರ್ ಮಾತ್ರ. ನಿಮ್ಮ ಮಗನಿಗೆ ಈ ಎರಡು ಅಂಕಿ ಪಕ್ಕಪಕ್ಕ ಬರೆಯಲು ಹೇಳಿ.

ಮಿಠಾಗರ · ಜೂನ್ ಎರಡನೇ ವಾರ

ಇಲ್ಲಿ ಮಳೆ ಹಿಡಿದಿದೆ. ಆಗರಗಳಲ್ಲಿ ಈಗ ಕೆಲಸ ಇಲ್ಲ, ಉಪ್ಪಿನ ಗುಡ್ಡೆಗಳನ್ನೆಲ್ಲ ಮೊದಲೇ ಸಾಗಿಸಿದ್ದಾರೆ. ನಿನ್ನೆ ಅದೇ ಕರವಸ್ತ್ರವನ್ನು ಮತ್ತೆ 12 ಗಂಟೆಗೆ ಹರಡಿದೆ. ರಾತ್ರಿ ಮಲಗುವಾಗಲೂ ಹಸಿ ಇತ್ತು. ಮೇ ತಿಂಗಳ ಅಂಕಿಯ ಪಕ್ಕದಲ್ಲಿ ಮಕ್ಕಳು ಬರೆದುಕೊಳ್ಳಲಿ.

ಡೊಂಬಿವಲಿ ಅಮ್ಮ · ಜೂನ್ ಮೂರನೇ ಭಾನುವಾರ

ಬರೆದುಕೊಂಡರು.

ಇವತ್ತು ಆರು ಮಕ್ಕಳನ್ನು ಏಸಿ ಲೋಕಲ್‌ನಲ್ಲಿ ದಾದರ್‌ಗೆ ಕರೆದುಕೊಂಡು ಹೋಗಿದ್ದೆವು. ಮಳೆ ನಿಂತಿತ್ತು, ಆದರೂ ಕಿಟಕಿ ಗಾಜೆಲ್ಲ ಮಸುಕು. ಹೊರಗೆ ಏನೂ ಕಾಣುತ್ತಿರಲಿಲ್ಲ. ಒಬ್ಬ ಹುಡುಗ ಅಂಗಿಯ ತೋಳಿನಿಂದ ಗಾಜು ಒರೆಸಿದ. ಹೋಗಲಿಲ್ಲ. ಮತ್ತೆ ಒರೆಸಿದ. ಹೋಗಲಿಲ್ಲ.

ಬಾಟಲಿ ತೂತಾಗಿದೆಯಾ ಅಂದಿದ್ದ ಹುಡುಗಿ ಗಾಜಿಗೆ ಕೈ ಇಟ್ಟು ನೋಡಿದಳು. "ಅದು ಹೊರಗಡೆ ಇದೆ ಕಣೋ, ಒರೆಸಬೇಡ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಈಗ ನಾವು ಬಾಟಲಿ ಒಳಗಿದ್ದೀವಿ, ಅಲ್ವಾ?" ಎಂದಳು.